ನಾಲ್ಕನೇ ಟ್ಯಾಂಕಿನ ನೀರು

ಬಹರೈನಿನಲ್ಲಿ ಗಿಟಾರು ಹೆಗಲಿಗೇರಿಸಿಕೊಂಡು ಬೆಳೆದ ಯಾವ ಹುಡುಗನನ್ನು ಬೇಕಾದರೂ ಕೇಳಿ ನೋಡಿ. ಈಗ ಅವನಿಗೆ ಹೊಟ್ಟೆ ಬಂದಿರಬಹುದು, ಬ್ಯಾಂಕಿನಲ್ಲಿ ಟೈ ಕಟ್ಟಿ ಕೂತಿರಬಹುದು. ‘ಮರಳಿನ ಶೋ’ ಎಂದ ಕೂಡಲೇ ಅವನ ಮುಖ ಬದಲಾಗುತ್ತದೆ. 2006ರ ಮಾರ್ಚಿನ ಆ ಗುರುವಾರ ತಾನೂ ಅಲ್ಲಿದ್ದೆ ಎನ್ನುತ್ತಾನೆ. ಹಾಗೆ ಹೇಳಿಕೊಳ್ಳುವವರನ್ನೆಲ್ಲ ಒಟ್ಟುಗೂಡಿಸಿದರೆ ಆ ಬಯಲಿನಲ್ಲಿ ನಿಲ್ಲಲು ಜಾಗ ಸಾಲದು. ಗಾಳಿ ಎದ್ದದ್ದು, ದೀಪದ ಗೋಪುರ ವಾಲಿದ್ದು, ಕರೆಂಟು ಹೋಗಿ ಕತ್ತಲಾದದ್ದು, ಡ್ರಮ್ಸಿನವನು ಮಾತ್ರ ಕೈ ನಿಲ್ಲಿಸದೆ ಬಾರಿಸಿದ್ದು, ಸುತ್ತ ನಿಂತಿದ್ದ ಕಾರುಗಳೆಲ್ಲ ಒಂದರ ಹಿಂದೊಂದು ಹೆಡ್‌ಲೈಟ್ ಹಾಕಿ ವೇದಿಕೆಯನ್ನು ಬೆಳಗಿಸಿದ್ದು, ಸಾವಿರಾರು ಗಂಟಲು ಒಂದೇ ಹಾಡು ಹಾಡಿದ್ದು, ಇಷ್ಟನ್ನೂ ಕಣ್ಣೊದ್ದೆ ಮಾಡಿಕೊಂಡು ಹೇಳುತ್ತಾನೆ. ಆ ದ್ವೀಪದ ಹುಡುಗರ ಸಂಗೀತ ಹುಟ್ಟಿದ್ದೇ ಆ ದಿನ ಎನ್ನುತ್ತಾನೆ. ವಾಲಿದ ಗೋಪುರ, ಅದರ ಕೆಳಗೆ ಸಾಲು ಹೆಡ್‌ಲೈಟು ಇರುವ ಕಪ್ಪು ಟೀ-ಶರ್ಟನ್ನು ಹತ್ತು ವರ್ಷ ಕಳೆದರೂ ಜನ ಹಾಕಿಕೊಂಡು ತಿರುಗುತ್ತಿದ್ದರು.

ಆ ಟೀ-ಶರ್ಟಿನ ಚಿತ್ರದಲ್ಲಿ ಒಬ್ಬ ಮನುಷ್ಯ ಇಲ್ಲ. ಅವನು ಬಿದ್ದದ್ದು ವೇದಿಕೆಯ ಹಿಂದೆ, ಯಾವ ಹೆಡ್‌ಲೈಟೂ ತಲುಪದ ಕಡೆ. ವೇದಿಕೆಯ ಮುಂದಿನಿಂದ ಅಲ್ಲಿಗೆ ಓಡಿದವನು ಇಗ್ನೇಷಿಯಸ್ ಒಬ್ಬನೇ.

ಇಗ್ನೇಷಿಯಸ್ ಕಿನ್ನಿಗೋಳಿ ಕಡೆಯವನು. ಅಪ್ಪ ಮದುವೆಗೆ, ಚರ್ಚಿನ ಹಬ್ಬಕ್ಕೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಮಗನಿಗೆ ಊದುವಷ್ಟು ಉಸಿರಿರಲಿಲ್ಲ, ಕಿವಿ ಇತ್ತು. ಪೇಟೆಯ ಮೈಕ್ ಸೆಟ್ಟಿನ ಅಂಗಡಿ ಸೇರಿ ಯಕ್ಷಗಾನಕ್ಕೆ, ಭೂತದ ಕೋಲಕ್ಕೆ, ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸಿಗೆ ತೆಂಗಿನ ಮರ ಹತ್ತಿ ಹಾರ್ನ್ ಕಟ್ಟಿದ. ಭಾಗವತರ ಸ್ವರ ಒಡೆಯದ ಹಾಗೆ, ಚೆಂಡೆ ಮುಳುಗದ ಹಾಗೆ ಗುಂಡಿ ತಿರುಗಿಸುವುದನ್ನು ಅಲ್ಲೇ ಕಲಿತ. ಬಹರೈನಿಗೆ ಬಂದದ್ದು 1994ರಲ್ಲಿ. ವೇದಿಕೆ, ದೀಪ, ಸೌಂಡು ಬಾಡಿಗೆಗೆ ಕೊಡುವ ಕಂಪನಿ. ಸನದ್ ಎಂಬ ಊರಿನಲ್ಲಿ ಅದರ ಗೋದಾಮು. ಹೆಂಡತಿ ಫೆಲ್ಸಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಬುಸೈತೀನಿನಲ್ಲಿ ಎರಡು ಕೋಣೆಯ ಫ್ಲಾಟು, ಡೈನಾ ಎಂಬ ಒಬ್ಬಳೇ ಮಗಳು.

ಫ್ಲಾಟಿನಲ್ಲಿ ಡ್ರಮ್ಸ್ ಬಾರಿಸಿದರೆ ಪಕ್ಕದವರು ಗೋಡೆ ಗುದ್ದುತ್ತಾರೆ. ಹಾಗಾಗಿ ಶುಕ್ರವಾರದ ರಜೆಯಲ್ಲಿ ಹುಡುಗರು ಗೋದಾಮಿಗೆ ಬರುತ್ತಿದ್ದರು. ಬಹರೈನಿಗಳು, ಫಿಲಿಪೀನಿಗಳು, ಮಲಯಾಳಿಗಳು. ಜೊತೆಗೆ ಸುಮಂತ್ ಅಂತ ಬೆಂಗಳೂರಿನ ಎಂಜಿನಿಯರೊಬ್ಬರ ಮಗ, ಕಡ್ಡಿಯಂಥ ಹುಡುಗ, ಡ್ರಮ್ಸ್ ಮುಂದೆ ಕೂತರೆ ರಾಕ್ಷಸ. ಇಗ್ನೇಷಿಯಸ್ ಬೀಗದ ಕೈ ಕೊಡುತ್ತಿದ್ದ, ಹಳೆಯ ಸ್ಪೀಕರ್ ಕೊಡುತ್ತಿದ್ದ, ಮೂಲೆಯಲ್ಲಿ ಕೂತು ತಂತಿ ಬೆಸೆಯುತ್ತ ಕೇಳುತ್ತಿದ್ದ.

“ಎಂತ ಮಾರಾಯ ಇದು, ಹಾಡಾ ಜಗಳವಾ?” ಎಂದು ಕೇಳಿದರೆ ಸುಮಂತ್, “ಎರಡೂ ಅಂಕಲ್” ಎಂದು ನಗುತ್ತಿದ್ದ.

ಗೋದಾಮಿನಲ್ಲಿ ಆ ಗದ್ದಲಕ್ಕೆ ಬೈಯುತ್ತಿದ್ದವನು ಮೊಯಿದಿನ್ ಒಬ್ಬನೇ. ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನ, ಕಂಪನಿಯ ಹಳೇ ಆಳು, ಹಿದ್‌ನ ಲೇಬರ್ ಕ್ಯಾಂಪಿನಲ್ಲಿ ವಾಸ. ಇಗ್ನೇಷಿಯಸನಿಗಿಂತ ಹಿರಿಯ, ಆದ್ದರಿಂದ ಇವನು ಅವನನ್ನು ಕರೆಯುತ್ತಿದ್ದದ್ದು ಮೊಯಿದಿನಾಕ ಎಂದು. ಅವನು ಇವನನ್ನು, ಕ್ರಿಸ್ತುವರನ್ನು ಕರೆಯುವ ಊರಿನ ಕ್ರಮದಂತೆ, ಪೊರ್ಬುಗಳೇ ಎನ್ನುತ್ತಿದ್ದ.

“ಪೊರ್ಬುಗಳೇ, ಈ ಮಕ್ಕಳಿಗೆ ಯಾರಾದರೂ ಹೊಡೆದದ್ದುಂಟಾ? ಯಾಕೆ ಹೀಗೆ ಕೂಗುವುದು?”

“ಹೊಟ್ಟೆ ತುಂಬಿದೆ ಮೊಯಿದಿನಾಕ, ಅದಕ್ಕೆ.”

“ಹಾಗಾದ್ರೆ ಸರಿ. ಹಸಿದವರು ಇಷ್ಟು ದೊಡ್ಡಕ್ಕೆ ಕೂಗಿದರೆ ಮಾತ್ರ ಪೊಲೀಸ್ ಬರುವುದು.”

ಹೀಗಿದ್ದ ಹುಡುಗರು ಒಂದು ದಿನ ಬಯಲಿನಲ್ಲಿ ಶೋ ಮಾಡುತ್ತೇವೆ ಎಂದು ಹೊರಟರು. ಹೋಟೆಲಿನ ಹಾಲ್ ಬೇಡ, ಯಾರ ಹಂಗೂ ಬೇಡ, ದಕ್ಷಿಣದ ಮರಳುಗಾಡಿನಲ್ಲಿ, ಎಣ್ಣೆ ಪೈಪುಗಳ ಆಚೆ. ಒಬ್ಬರ ಅಪ್ಪ ಪರವಾನಗಿ ತಂದರು, ಇನ್ನೊಬ್ಬರ ಅಪ್ಪ ಪ್ರಾಯೋಜಕರನ್ನು ತಂದರು. ವೇದಿಕೆ ಇಗ್ನೇಷಿಯಸನ ಕಂಪನಿಯದ್ದು.

ಮರಳಿನಲ್ಲಿ ವೇದಿಕೆ ಕಟ್ಟುವುದಕ್ಕೆ ಒಂದು ಕ್ರಮವಿದೆ. ಗೂಟ ಹೊಡೆದರೆ ನಿಲ್ಲುವುದಿಲ್ಲ. ಆದ್ದರಿಂದ ದೀಪದ ಗೋಪುರದ ನಾಲ್ಕು ಮೂಲೆಯಿಂದ ಉಕ್ಕಿನ ಹಗ್ಗ ಎಳೆದು ನಾಲ್ಕು ನೀರಿನ ಟ್ಯಾಂಕುಗಳಿಗೆ ಬಿಗಿಯುತ್ತಾರೆ. ಕಬ್ಬಿಣದ ಪಂಜರದೊಳಗಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕು, ಒಂದೊಂದರಲ್ಲಿ ಸಾವಿರ ಲೀಟರ್. ಗಾಳಿ ಎಷ್ಟೇ ಎಳೆದರೂ ನೀರಿನ ಭಾರ ಗೋಪುರವನ್ನು ಹಿಡಿದಿಟ್ಟುಕೊಳ್ಳಬೇಕು.

ಆ ಗುರುವಾರ ಬೆಳಿಗ್ಗೆಯೇ ಹಿದ್‌ನಿಂದ ಒಂದು ಬಸ್ಸು ತುಂಬ ಕೆಲಸದವರನ್ನು ತಂದು ಬಯಲಿನಲ್ಲಿ ಇಳಿಸಿದರು. ಬಂಗಾಳಿಗಳು, ನೇಪಾಳಿಗಳು, ನಮ್ಮವರು. ಮೊಯಿದಿನ್ ಅವರ ಮೇಸ್ತ್ರಿ. ಬ್ಯಾಂಡಿನ ಹುಡುಗರಿಗೆ ಎಂದು ಒಂದು ಡೇರೆಯಲ್ಲಿ ಎರಡು ಫ್ರಿಜ್ಜು ತುಂಬ ತಣ್ಣನೆಯ ಬಾಟಲಿ ಜೋಡಿಸಿದ್ದರು. ಕಬ್ಬಿಣ ಹೊತ್ತವರಿಗೆ ಒಂದು ಕೊಡ ನೀರು ಇಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದೂ ನಮ್ಮ ದಾಕ್ಷಿಣ್ಯದ ಮಾತು. ಕಂಪನಿ ಕೊಡುತ್ತದೆ ಎಂದು ಸಂಘಟಕರು, ಸಂಘಟಕರು ಕೊಡುತ್ತಾರೆ ಎಂದು ಕಂಪನಿ, ಲೇಬರ್ ಕಳಿಸಿದವನು ಅವರಿಬ್ಬರ ಮೇಲೆ. ಸಿಗರೇಟಿಗೆ ಬೂದಿ ಬಟ್ಟಲು ಮಾತ್ರ ಯಾರೂ ಮರೆತಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮೊಯಿದಿನ್ ಬಂದ. ಇಗ್ನೇಷಿಯಸ್ ಜನರೇಟರ್ ಲಾರಿಯ ನೆರಳಿನಲ್ಲಿ ಕೇಬಲ್ ಬಿಡಿಸುತ್ತಿದ್ದ.

“ಪೊರ್ಬುಗಳೇ, ನಿಮ್ಮ ಈ ನಾಲ್ಕು ಟ್ಯಾಂಕ್ ಹೊಟ್ಟೆ ತುಂಬ ಕುಡಿದು ಕೂತಿವೆ. ನಮ್ಮ ಮಕ್ಕಳು ನಾಲಗೆ ಹೊರಗೆ ಹಾಕಿ ಕೂತಿದ್ದಾರೆ.”

“ಅದು ಕುಡೀಲಿಕ್ಕೆ ಅಲ್ಲ ಮೊಯಿದಿನಾಕ, ಭಾರಕ್ಕೆ.”

“ಸಿಹಿನೀರೇ. ಟ್ಯಾಂಕರಿನವ ತುಂಬಿಸುವಾಗ ಬಾಯಿಗೆ ಹಾಕಿ ನೋಡಿದ್ದೇನೆ. ನೀವು ಬೇಡ ಅಂದ್ರೆ ಮುಟ್ಟುವುದಿಲ್ಲ. ನಮಾಜಿಗೆ ವುಝೂ ಮಾಡ್ಬೇಕು, ಕೈಕಾಲು ತೊಳೀಬೇಕು. ಕೇಳದೆ ತೆಗೆದ ನೀರಿನಲ್ಲಿ ತೊಳೆದು ದೇವರ ಎದುರು ನಿಂತರೆ ಎಂತ ಪ್ರಯೋಜನ?”

ಇಗ್ನೇಷಿಯಸ್ ಕೆಲಸದವರ ಕಡೆ ನೋಡಿದ. ಒಬ್ಬ ಹುಡುಗ ಬೆವರಿದ ಅಂಗಿ ಹಿಂಡಿ ಮುಖಕ್ಕೆ ಒತ್ತಿಕೊಳ್ಳುತ್ತಿದ್ದ.

“ಆ ಹಿಂದಿನ ನಾಲ್ಕನೆಯದ್ದರಿಂದ ತೆಗೀರಿ, ನಾನು ಹೇಳಿದ್ದು. ಸಂಜೆ ಟ್ಯಾಂಕರ್ ಬಂದಾಗ ತುಂಬಿಸುವ.”

“ದೇವರು ನಿಮ್ಮನ್ನು ತಣ್ಣಗೆ ಇಡಲಿ” ಎಂದು ಮೊಯಿದಿನ್ ಹೋದ.

ಅಷ್ಟು ಜನ ಬಾಯಾರಿದವರಿಗೆ ಒಂದು ಟ್ಯಾಂಕು ಯಾವ ಲೆಕ್ಕ? ಕುಡಿದರು, ತಲೆಗೆ ಸುರಿದುಕೊಂಡರು, ಬೈರಾಸು ಅದ್ದಿ ಹೆಗಲ ಮೇಲೆ ಹಾಕಿಕೊಂಡರು, ವುಝೂ ಮಾಡಿದರು. ಕೊನೆಯವನು ನಲ್ಲಿ ಪೂರ್ತಿ ತಿರುಗಿಸಿದನೋ ಇಲ್ಲವೋ, ಮರಳು ಎಷ್ಟು ನೀರನ್ನು ಬೇಕಾದರೂ ಸದ್ದಿಲ್ಲದೆ ಕುಡಿಯುತ್ತದೆ. ಸಂಜೆಯ ಟ್ಯಾಂಕರ್ ಬಂತು, ಆದರೆ ಬಯಲಿನ ದಾರಿ ತುಂಬ ಶೋಗೆ ಬಂದವರ ಕಾರು. ದಾರಿ ಸಿಗದೆ ಅದು ವಾಪಸ್ಸು ಹೋಯಿತು. ಇಗ್ನೇಷಿಯಸ್ ಆಗ ಜನರ ನಡುವೆ, ಸ್ವರ ಹೊಂದಿಸುವ ಮಿಕ್ಸರಿನ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತಿದ್ದ. ಟ್ಯಾಂಕಿನ ನೆನಪು ಅವನ ತಲೆಯಿಂದ ಜಾರಿಹೋಗಿತ್ತು.

ಕತ್ತಲಾಗುವಾಗ ವಾಯವ್ಯದ ಗಾಳಿ ಎದ್ದಿತು, ಅಲ್ಲಿಯವರು ಶಮಾಲ್ ಎನ್ನುವ ಗಾಳಿ. ಮೊದಲು ಮರಳು ಕಾಲಿಗೆ ಚುಚ್ಚಿತು, ಆಮೇಲೆ ವೇದಿಕೆಯ ಪರದೆ ಉಬ್ಬಿತು. ಹುಡುಗರಿಗೆ ಖುಷಿಯೋ ಖುಷಿ. ಸುಮಂತನ ಬ್ಯಾಂಡು ಕೊನೆಯ ಹಾಡು ಶುರು ಮಾಡಿದಾಗ ದೀಪದ ಗೋಪುರ ಅಲ್ಲಾಡಿತು. ಅದನ್ನು ಹಿಂದಿನಿಂದ ಹಿಡಿದಿರಬೇಕಾದ ನಾಲ್ಕನೇ ಟ್ಯಾಂಕಿನಲ್ಲಿ ಏನೂ ಉಳಿದಿರಲಿಲ್ಲ. ಗೋಪುರ ವಾಲಿದಂತೆ ಟ್ಯಾಂಕು ಮರಳಿನ ಮೇಲೆ ವೇದಿಕೆಯ ಕಡೆ ಸರಿಯತೊಡಗಿತು.

ಅದನ್ನು ನೋಡಿದವನು ಮೊಯಿದಿನ್. ಓಡಿ ಹೋಗಿ ಟ್ಯಾಂಕಿನ ಮೇಲೆ ಹತ್ತಿ ಕೂತನಂತೆ. ಪಕ್ಕದಲ್ಲಿದ್ದ ನೇಪಾಳಿ ಹುಡುಗ ಆಮೇಲೆ ಹೇಳಿದ್ದು. “ಬನ್ನಿ, ಎಲ್ಲರೂ ಹತ್ತಿ ಕೂರಿ, ಭಾರ ಸಾಲದು” ಎಂದು ಕೂಗಿದನಂತೆ. ಕುಡಿದ ನೀರಿನ ಬದಲಿಗೆ ಅವನು ತನ್ನ ಮೈಯನ್ನು ಇಟ್ಟ. ಉಳಿದವರು ಬರುವಷ್ಟರಲ್ಲಿ ಗಾಳಿ ಮತ್ತೊಮ್ಮೆ ಎಳೆಯಿತು. ಟ್ಯಾಂಕು ಅವನ ಸಮೇತ ಜಾರಿ ವೇದಿಕೆಯ ಕಬ್ಬಿಣದ ಕಾಲಿಗೆ ಬಡಿಯಿತು. ಗೋಪುರ ವೇದಿಕೆಯ ಚಾವಣಿಗೆ ಒರಗಿ ನಿಂತಿತು. ಕೇಬಲ್ ಹರಿದು ಇಡೀ ಬಯಲು ಕತ್ತಲಾಯಿತು. ಜನರ ಮೇಲೆ ಒಂದು ಬಲ್ಬೂ ಬೀಳಲಿಲ್ಲ.

ಇಗ್ನೇಷಿಯಸ್ ಆಗ ನಾಲ್ಕನೇ ಟ್ಯಾಂಕಿನ ನೆನಪಾಗಿ ಟಾರ್ಚ್ ಹಿಡಿದು ವೇದಿಕೆಯ ಹಿಂದಕ್ಕೆ ಓಡಿದ. ಪಂಜರಕ್ಕೂ ವೇದಿಕೆಯ ಕಾಲಿಗೂ ನಡುವೆ ಮೊಯಿದಿನ್ ಎದೆಯವರೆಗೆ ಸಿಕ್ಕಿಕೊಂಡಿದ್ದ. ಬಾಯಿ ಆಡುತ್ತಿತ್ತು. ಏನು ಹೇಳುತ್ತಿದ್ದಾನೆಂದು ಕೇಳಿಸಲಿಲ್ಲ, ಏಕೆಂದರೆ ಅವನ ತಲೆಯ ನೇರ ಮೇಲೆ, ಹಲಗೆಯ ಆ ಕಡೆ, ಸುಮಂತ್ ಬಾರಿಸುತ್ತಿದ್ದ. ಪ್ರತಿ ಪೆಟ್ಟಿಗೂ ಹಲಗೆಯಿಂದ ಮರಳು ಉದುರಿ ಮೊಯಿದಿನನ ಕಣ್ಣಿಗೆ ಬೀಳುತ್ತಿತ್ತು.

ಇಗ್ನೇಷಿಯಸ್ ವೇದಿಕೆ ಹತ್ತಿ ಎರಡೂ ಕೈ ಎತ್ತಿ ಬೀಸಿದ. “ನಿಲ್ಲಿಸು! ಸುಮಂತ್, ನಿಲ್ಲಿಸು!” ಅಷ್ಟರಲ್ಲಿ ಕಾರುಗಳ ಬೆಳಕು ಅವನ ಮುಖಕ್ಕೇ ರಾಚಿತು. ಕೈ ಎತ್ತಿ ನಿಂತ ಸೌಂಡ್ ಅಂಕಲ್‌ನನ್ನು ನೋಡಿ ಜನ ಹುಚ್ಚೆದ್ದು ಅರಚಿದರು. ಸುಮಂತ್ ನಕ್ಕು, ಕೋಲು ಗಿರಕಿ ಹೊಡೆಸಿ, ಇನ್ನೂ ಜೋರಾಗಿ ಬಾರಿಸಿದ.

ಕೆಲಸದವರು ಸೇರಿ ಟ್ಯಾಂಕು ಸರಿಸಿದರು. ಪಿಕಪ್ಪಿಗೆ ಹಾಕಿದರು. ಪಿಕಪ್ಪು ಹೊರಡಲಿಲ್ಲ. ಬಯಲಿನ ಸುತ್ತ ಬಂಪರಿಗೆ ಬಂಪರ್ ತಾಗಿ ನಿಂತ ಕಾರುಗಳು, ಒಳಗೆ ಯಾರೂ ಇಲ್ಲ, ಹೆಡ್‌ಲೈಟು ಮಾತ್ರ ಉರಿಯುತ್ತಿದೆ. ಯಾವ ಬೆಳಕಿನ ಬಗ್ಗೆ ಇಷ್ಟು ವರ್ಷ ಹಾಡಿ ಹೊಗಳಿದರೋ, ಆ ಬೆಳಕಿನ ಗೋಡೆಯೊಳಗೆ ಮೊಯಿದಿನ್ ಪಿಕಪ್ಪಿನಲ್ಲಿ ಮಲಗಿಕೊಂಡೇ ಸತ್ತ. ಇಗ್ನೇಷಿಯಸ್ ಅವನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ. ಜನ ಹಾಡುತ್ತಿದ್ದರು.

ಮರುದಿನ ಠಾಣೆಯಲ್ಲಿ ಇಗ್ನೇಷಿಯಸ್ ಹಿಂದಿಯಲ್ಲಿ ಹೇಳಿದ, “ನೀರು ತೆಗೆಯಲು ನಾನೇ ಹೇಳಿದ್ದು ಸಾಬ್. ಅವರು ಕೇಳಿಯೇ ತೆಗೆದರು.” ಪಕ್ಕದಲ್ಲಿ ಕೂತಿದ್ದ ಕಂಪನಿಯ ಮ್ಯಾನೇಜರ್ ಅದನ್ನು ಅಧಿಕಾರಿಗೆ ಅರಬ್ಬಿಯಲ್ಲಿ ಹೇಳಿದ. ಹನ್ನೆರಡು ವರ್ಷ ಅಲ್ಲಿದ್ದವನಿಗೆ ಅಷ್ಟು ಅರಬ್ಬಿ ಬರುತ್ತದೆ. ಮಾಯ್ ಎಂದರೆ ನೀರು, ಹರಾಮಿ ಎಂದರೆ ಕಳ್ಳ. ಎರಡೂ ಪದ ಮ್ಯಾನೇಜರನ ಬಾಯಿಂದ ಒಟ್ಟಿಗೆ ಬಂದದ್ದು ಅವನಿಗೆ ಕೇಳಿಸಿತು. ಅವನು ತಲೆ ಎತ್ತಿದ. ಮ್ಯಾನೇಜರ್ ಅವನ ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟ.

“ಇಗ್ನೇಷಿಯಸ್ ಭಾಯ್, ಮಗಳ ಹತ್ತನೇ ಕ್ಲಾಸಿನ ಪರೀಕ್ಷೆ ನಡೀತಾ ಉಂಟಲ್ಲ? ಪಾಪ, ಬರೆದು ಮುಗಿಸಲಿ.”

ಇಗ್ನೇಷಿಯಸ್ ತಲೆ ತಗ್ಗಿಸಿದ.

ಮೊಯಿದಿನನ ಹೆಣದ ಪೆಟ್ಟಿಗೆ ಊರಿಗೆ ಹೋಯಿತು. ಅದರ ಜೊತೆಗೇ, ಅದಕ್ಕಿಂತ ಬೇಗ, ನೀರು ಕದ್ದ ಎಂಬ ಮಾತೂ ಹೋಯಿತು. ಮರುವರ್ಷ ರಜೆಯಲ್ಲಿ ಇಗ್ನೇಷಿಯಸ್ ಉಳ್ಳಾಲಕ್ಕೆ ಹೋದಾಗ ಮೊಯಿದಿನನ ಹೆಂಡತಿ ನಫೀಸಮ್ಮ ಜಗಲಿಯಲ್ಲಿ ಕೂತು ಬೀಡಿ ಸುತ್ತುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಎಲೆಯಿಂದ ಕಣ್ಣೆತ್ತಲಿಲ್ಲ.

“ಪಳ್ಳಿಯ ಹತ್ತಿರ ನಮಾಜು ಮುಗಿಸಿ ಬಂದವರು ಎಂತ ಹೇಳ್ತಾರೆ ಗೊತ್ತುಂಟಾ ನಿಮಗೆ? ಕದ್ದ ನೀರಲ್ಲಿ ವುಝೂ ಮಾಡಿ ನಮಾಜಿಗೆ ನಿಂತವ, ಅದಕ್ಕೇ ದೇವರು ಅಲ್ಲೇ ಕೊಟ್ಟ ಅಂತ. ನನ್ನ ಗಂಡ ನೆರೆಯವರ ಬಾವಿಗೆ ಕೊಡಪಾನ ಬಿಡುವಾಗಲೂ ಕರೆದು ಕೇಳುತ್ತಿದ್ದವರು.”

“ಅವರು ಕೇಳಿದ್ದರು. ನಾನೇ ಕೊಟ್ಟದ್ದು.”

“ನನಗೆ ಹೇಳಿ ಎಂತ ಆಗ್ಬೇಕು? ನನಗೆ ಗೊತ್ತಿಲ್ವಾ ಅವರು ಎಂಥವರು ಅಂತ? ಕಳ್ಳ ಅಂದದ್ದು ಅಲ್ಲಿ. ಅಲ್ಲಿಯೇ ಹೇಳಿ, ಅಷ್ಟು ಜನ ಇದ್ದರಂತಲ್ಲ, ಅವರೆದುರು ಹೇಳಿ. ಆಮೇಲೆ ಬನ್ನಿ.”

ಅವಳು ಅವನಿಗೆ ನೀರು ಕೊಡಲಿಲ್ಲ. ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಡುವುದು ವಾಡಿಕೆ. ಅವಳು ಎದ್ದೂ ಹೋಗಲಿಲ್ಲ, ಬೀಡಿ ಸುತ್ತುತ್ತಲೇ ಇದ್ದಳು.

ಆಮೇಲಿನ ವರ್ಷಗಳು ಹೀಗೇ ಹೋದವು. ಡೈನಾ ಓದು ಮುಗಿಸಿ ಮದುವೆಯಾಗಿ ಪುಣೆಗೆ ಹೋದಳು. ಇಗ್ನೇಷಿಯಸ್ ಯಾವ ಶೋಗೆ ಹೋದರೂ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯಿಂದ ನೀರಿನ ಬಾಟಲಿ ಪೆಟ್ಟಿಗೆಗಳನ್ನು ತನ್ನ ಕೈಯಿಂದಲೇ ತಂದು ಕೆಲಸದವರ ಹತ್ತಿರ ಇಡುತ್ತಿದ್ದ. “ಅಂಕಲ್ ಏನೋ ಹರಕೆ ಹೊತ್ತಿದ್ದಾರೆ” ಎಂದು ಹುಡುಗರು ನಗುತ್ತಿದ್ದರು. ಮರಳಿನ ಶೋ ಮಾತ್ರ ಬೆಳೆಯುತ್ತಲೇ ಹೋಯಿತು. ಆ ದಿನ ಹುಟ್ಟಿರದ ಮಕ್ಕಳೂ ಅದರ ಕಥೆ ಹೇಳುವ ಹಾಗಾಯಿತು.

2016ರಲ್ಲಿ ಸುಮಂತ್ ಸನದಿನ ಗೋದಾಮಿಗೆ ಬಂದ. ಬ್ಯಾಂಕಿನಲ್ಲಿ ಐಟಿ ಕೆಲಸ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು.

“ಅಂಕಲ್, ಹತ್ತು ವರ್ಷ ಆಯ್ತು. ರೀಯೂನಿಯನ್ ಮಾಡ್ತಿದೀವಿ, ಅದೇ ಬಯಲಲ್ಲಿ. ಮಿಕ್ಸರಲ್ಲಿ ನೀವೇ ಇರ್ಬೇಕು. ಕೈ ಎತ್ತಿ ನಿಂತ್ರಲ್ಲ ಅವತ್ತು, ಆ ಫೋಟೋ ಪೋಸ್ಟರ್‌ಗೆ ಹಾಕ್ತಿದೀವಿ.”

“ನಾನು ಕೈ ಎತ್ತಿದ್ದು ನಿಲ್ಲಿಸು ಅಂತ ಹೇಳ್ಲಿಕ್ಕೆ ಸುಮಂತ್. ನಿನ್ನ ಕಾಲಿನ ಅಡಿಯಲ್ಲಿ ಒಬ್ಬರು ಸಾಯ್ತಾ ಇದ್ದರು.”

ಸುಮಂತ್ ಕೇಬಲ್ಲಿನ ಸುರುಳಿಯೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. “ಯಾರಿಗೋ ಏಟಾಯ್ತು, ಆಸ್ಪತ್ರೆಗೆ ಹೋದ್ರು ಅಂತ ಹೇಳಿದ್ರು ಅಂಕಲ್. ನಾವು ಆಗ ಹತ್ತೊಂಬತ್ತರ ಹುಡುಗ್ರು.”

“ಈಗ ಅಲ್ಲವಲ್ಲ. ನಾನು ಬರ್ತೇನೆ. ವೇದಿಕೆಯಿಂದ ಅವರ ಹೆಸರು ಹೇಳ್ಬೇಕು. ನೀರು ಕದ್ದದ್ದಲ್ಲ, ಕೇಳಿ ತೆಗೆದದ್ದು, ಕೊಟ್ಟದ್ದು ನಾನು ಅಂತ ಹೇಳ್ಬೇಕು. ಬೇರೆ ಏನೂ ಬೇಡ.”

“ಖಂಡಿತ ಅಂಕಲ್. ನಾನೇ ಹೇಳ್ತೀನಿ. ಪ್ರಾಮಿಸ್.” ಅವನ ಕಣ್ಣಲ್ಲಿ ನೀರಿತ್ತು. ಆಗ ಅವನು ಹೇಳಿದ್ದು ಸುಳ್ಳಲ್ಲ.

ಶೋದ ದಿನ ಈ ಸಲ ಗೋಪುರಕ್ಕೆ ಕಾಂಕ್ರೀಟ್ ಬ್ಲಾಕು ಕಟ್ಟಿದ್ದರು. ಇಗ್ನೇಷಿಯಸ್ ಎಂದಿನಂತೆ ನೀರಿನ ಪೆಟ್ಟಿಗೆಗಳನ್ನು ಪಿಕಪ್ಪಿನಲ್ಲಿ ತಂದು ಕೆಲಸದವರಿಗೆ ಇಳಿಸಿದ. ಸಂಜೆ ಸುಮಂತ್ ಮಿಕ್ಸರಿನ ಹತ್ತಿರ ಬಂದು ಪಿಸುಗುಟ್ಟಿದ.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಸ್ಪಾನ್ಸರ್ ಒಪ್ತಿಲ್ಲ. ಸಾವು ಗೀವು ಅಂದ್ರೆ ಮೂಡ್ ಹಾಳಾಗುತ್ತೆ, ಮುಂದಿನ ವರ್ಷ ಪರ್ಮಿಶನ್ ಸಿಗಲ್ಲ ಅಂತಾರೆ. ನಾನು ಫೇಸ್‌ಬುಕ್ಕಲ್ಲಿ ಬರೀತೀನಿ.”

“ಸರಿ ಮಗ” ಎಂದ ಇಗ್ನೇಷಿಯಸ್. ಅವನಿಗೆ ಆಗಲೇ ಗೊತ್ತಿತ್ತು ತಾನೇನು ಮಾಡುತ್ತೇನೆಂದು.

ಕೊನೆಯ ಹಾಡು, ಅದೇ ಹಾಡು. ನಡುವೆ ಇಗ್ನೇಷಿಯಸ್ ಮಿಕ್ಸರಿನ ಮೇಲೆ ಕೈಯಿಟ್ಟು ಎಲ್ಲ ಸ್ವರದ ಗುಂಡಿಗಳನ್ನೂ ಕೆಳಗೆ ಎಳೆದ. ಗಿಟಾರು ಸತ್ತಿತು, ಹಾಡುವವನ ಬಾಯಿ ಮಾತ್ರ ಆಡಿತು. ಸುಮಂತ್ ಗಾಬರಿಯಾಗಿ ಕೈ ನಿಲ್ಲಿಸಿದ. ಇಗ್ನೇಷಿಯಸ್ ತನ್ನ ಮುಂದಿನ ಮೈಕು ತೆರೆದ. ಹತ್ತು ವರ್ಷ ಬಾಯಿಪಾಠ ಮಾಡಿದ ಮಾತು.

ಆದರೆ ಜನ ಮೌನವನ್ನು ಮೌನ ಎಂದು ತಿಳಿಯಲಿಲ್ಲ. ಹತ್ತು ವರ್ಷದ ಹಿಂದಿನ ಕತ್ತಲೆಯನ್ನು ಮತ್ತೆ ಆಡಿ ತೋರಿಸುತ್ತಿದ್ದಾರೆ ಎಂದುಕೊಂಡರು. ಒಮ್ಮೆಗೇ ಬೊಬ್ಬೆ ಎದ್ದಿತು. ಸಾವಿರಾರು ಮೊಬೈಲುಗಳು ಬೆಳಗಿ ತಲೆಯ ಮೇಲೆ ಹೋದವು. ಸ್ಪೀಕರಿನಿಂದ ಬಂದ ಅವನ ದನಿ ಆ ಕೂಗಿನಲ್ಲಿ ಎಲ್ಲಿಯೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅವನ ಹೆಗಲು ತಟ್ಟಿ, “ಲೆಜೆಂಡ್!” ಎಂದು ಕಿರುಚಿದಳು.

ವೇದಿಕೆಯ ಮೇಲಿದ್ದವರಿಗೆ ಮಾತ್ರ ಕೇಳಿಸಿತು. ಈಗಿನ ಬ್ಯಾಂಡಿನವರು ಕಿವಿಯೊಳಗೆ ಪುಟ್ಟ ಸ್ಪೀಕರ್ ಇಟ್ಟುಕೊಂಡಿರುತ್ತಾರೆ. ಹೊರಗಿನ ಗದ್ದಲ ಒಳಗೆ ಬರುವುದಿಲ್ಲ, ಮಿಕ್ಸರಿನಿಂದ ಹೋದ ಉಸಿರೂ ತಪ್ಪುವುದಿಲ್ಲ.

“ಇಲ್ಲಿ ಮೊಯಿದಿನ್ ಅನ್ನುವವರು ಸತ್ತರು. ಅವರು ನೀರು ಕದ್ದವರಲ್ಲ, ಕೇಳಿ ತೆಗೆದವರು. ಕೊಟ್ಟವನು ನಾನು. ಭಾರ ಸಾಲದು ಅಂತ ಅವರೇ ಹತ್ತಿ ಕೂತರು. ಗೋಪುರ ನಿಮ್ಮ ಮೇಲೆ ಬೀಳಬಾರದು ಅಂತ.” ಹಿಂದಿಯಲ್ಲಿ ಅಷ್ಟು ಹೇಳಿ, ಕೊನೆಗೆ ಕನ್ನಡದಲ್ಲಿ, “ಸುಮಂತ್, ನಿನಗೆ ಕೇಳ್ತಾ ಉಂಟಲ್ಲ? ನೀನು ಹೇಳು. ನಿನ್ನ ಎದುರಿನ ಮೈಕು ತೆರೆದಿದ್ದೇನೆ. ನೀನು ಹೇಳಿದರೆ ಕೇಳ್ತಾರೆ.”

ಸುಮಂತ್ ಅವನ ಕಡೆಯೇ ನೋಡುತ್ತಿದ್ದ. ದೊಡ್ಡ ಪರದೆಯ ಮೇಲೆ ಅವನ ಮುಖ ಮನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ತುಟಿ ತೆರೆಯಿತು. ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಆ ಬೆಳಕುಗಳ ಕಡೆ ನೋಡಿದ. ಮತ್ತೆ ಮಿಕ್ಸರಿನ ಕಡೆ ನೋಡಲಿಲ್ಲ. ಎರಡೂ ಕೋಲು ಎತ್ತಿ ಬಾರಿಸತೊಡಗಿದ.

ಅಂದು ಅವನಿಗೆ ಕೇಳಿಸಿರಲಿಲ್ಲ. ಇಂದು ಕೇಳಿಸಿತ್ತು. ಇಷ್ಟೇ ವ್ಯತ್ಯಾಸ.

ಯಾರೋ ಬಂದು ಇಗ್ನೇಷಿಯಸನನ್ನು ಪಕ್ಕಕ್ಕೆ ತಳ್ಳಿ ಸ್ವರಗಳನ್ನು ಮೇಲಕ್ಕೆ ಎತ್ತಿದರು. ಆ ನಿಮಿಷದ ವಿಡಿಯೋ ದ್ವೀಪದ ತುಂಬ ಓಡಾಡಿತು. ಎಂಥ ಅದ್ಭುತ ಯೋಜನೆ, ಮೈ ಜುಂ ಎಂದಿತು ಎಂದು ಜನ ಬರೆದರು. ಸುಮಂತ್ ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಧನ್ಯವಾದ ಹೇಳಿದ. ಕಂಪನಿ ಇಗ್ನೇಷಿಯಸನ ವೀಸಾ ರದ್ದು ಮಾಡಿತು. ಇಪ್ಪತ್ತೆರಡು ವರ್ಷ ಕೂತ ಕುರ್ಚಿಯಿಂದ ಎಬ್ಬಿಸುವಾಗ ಕಾರಣವನ್ನೂ ಹೇಳಲಿಲ್ಲ. ಫೆಲ್ಸಿ ಸಾಮಾನು ಕಟ್ಟುತ್ತ ಒಂದೇ ಮಾತು ಕೇಳಿದಳು, “ಆಗಲೇ ಠಾಣೆಯಲ್ಲಿ ಮತ್ತೊಮ್ಮೆ ಹೇಳಿದ್ದರೆ?” ಅವನು ಪೆಟ್ಟಿಗೆಗೆ ಹಗ್ಗ ಬಿಗಿದ.

ಮಳೆ ಶುರುವಾಗುವ ಮೊದಲು ಇಗ್ನೇಷಿಯಸ್ ಉಳ್ಳಾಲಕ್ಕೆ ಹೋದ. ನಫೀಸಮ್ಮನ ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ಗುರುತು ಹಿಡಿದಳು.

“ಹೇಳಿದ್ರಾ?”

“ಹೇಳಿದೆ.”

“ಯಾರಾದ್ರೂ ಕೇಳಿದ್ರಾ?”

“ಕೇಳಬೇಕಾದವನು ಕೇಳಿದ.”

“ಮತ್ತೆ?”

“ಮತ್ತೆ ಅವನ ಕೆಲಸ ಅವನು ಮಾಡಿದ.”

ಅವಳು ಕೈಯಲ್ಲಿದ್ದ ಬೀಡಿಯ ತುದಿಯನ್ನು ಉಗುರಿನಿಂದ ಒಳಗೆ ಮಡಚಿದಳು. ಎದ್ದು ಒಳಗೆ ಹೋಗಿ, ತಡವರಿಸಿಕೊಂಡು ಬಂದು ಅವನ ಮುಂದೆ ಒಂದು ಚೊಂಬು ನೀರಿಟ್ಟಳು. ಅವನು ಅದನ್ನು ಎತ್ತಿಕೊಂಡಾಗ ಕೇಳಿದಳು, “ಈ ಸಲ ಕೆಲಸದವರಿಗೆ ನೀರು ಇಟ್ಟಿದ್ದರಾ ಅಲ್ಲಿ?”

“ನಾನು ಇಟ್ಟಿದ್ದೆ.”

“ನಿಮ್ಮದು ಕೇಳಿದ್ದಲ್ಲ. ಆ ಹಾಡಿನವರು ಇಟ್ಟಿದ್ದರಾ?”

ಇಗ್ನೇಷಿಯಸ್ ಚೊಂಬನ್ನು ಕೆಳಗಿಟ್ಟ.

“ಇಲ್ಲ.”